ಕಡಿಮೆ ಖರ್ಚಿನಲ್ಲಿ ಸ್ಕೀಯಿಂಗ್: ಸೋಲಂಗ್, ಔಲಿ ಸಾಕಾ, ಅಲ್ಮಾಟಿವರೆಗೂ ಹೋಗಬೇಕಾ?

ಶಿರಾ ಗೇಟ್ (ತುಮಕೂರು)
ನಾವು ನಾಲ್ಕು ಜನ. ಒಬ್ಬರೂ ಇದುವರೆಗೆ ಸ್ಕೀ ಹಲಗೆ ಕಾಲಿಗೆ ಕಟ್ಟಿದವರಲ್ಲ. ಫೆಬ್ರವರಿಯಲ್ಲಿ ಒಂಬತ್ತು ಹತ್ತು ದಿನ ರಜೆ ಹೊಂದಿಸಬಹುದು. ಸ್ವಿಟ್ಜರ್ಲೆಂಡ್ ಕೈಗೆಟುಕಲ್ಲ, ಗುಲ್ಮಾರ್ಗ್‌ನ ನೂಕುನುಗ್ಗಲು ಬೇಡ. ಹಿಮದಲ್ಲಿ ಫೋಟೊ ತೆಗೆಸಿಕೊಂಡು ಬರೋದಲ್ಲ, ನಿಜವಾಗಿ ಕಲಿಯಬೇಕು. ಎಲ್ಲಿಗೆ ಹೋಗೋದು, ದುಡ್ಡು ಎಲ್ಲಿ ಪೋಲಾಗುತ್ತೆ, ಬಲ್ಲವರು ಹೇಳಿ.

ನಂದಿ ಮೆಟ್ಟಿಲು (ಚಿಕ್ಕಬಳ್ಳಾಪುರ)
ಮೊದಲು ಲೆಕ್ಕ ಹಾಕುವ ಕ್ರಮ ಬದಲಿಸಿ ಸಾರ್. ಪ್ಯಾಕೇಜ್ ಎಷ್ಟು ಅಂತ ನೋಡಬೇಡಿ. ಮನೆಯಿಂದ ಮನೆಗೆ ಆಗುವ ಒಟ್ಟು ಖರ್ಚನ್ನು, ತರಬೇತುದಾರರ ಜೊತೆ ಹಲಗೆಯ ಮೇಲೆ ನಿಲ್ಲುವ ಗಂಟೆಗಳಿಂದ ಭಾಗಿಸಿ. ಮನಾಲಿಯ ಐದು ದಿನದ ಅಗ್ಗದ ಪ್ಯಾಕೇಜ್‌ನಲ್ಲಿ ಸ್ಕೀ ಅಂತ ಸಿಗೋದು ಸೋಲಂಗ್‌ನಲ್ಲಿ ಅರ್ಧ ಗಂಟೆ, ಅದೂ ಯಾರೋ ಕೈ ಹಿಡಿದು ಎಳೆದುಕೊಂಡು ಹೋಗೋದು. ಗಂಟೆ ಲೆಕ್ಕದಲ್ಲಿ ಅದಕ್ಕಿಂತ ದುಬಾರಿ ಸ್ಕೀ ರಜೆ ಇನ್ನೊಂದಿಲ್ಲ.

ಈ ಲೆಕ್ಕದಲ್ಲಿ ಅತಿ ಅಗ್ಗ ಅಂದ್ರೆ ಸರ್ಕಾರಿ ಸಂಸ್ಥೆಗಳ ಕೋರ್ಸ್. ಮನಾಲಿಯಲ್ಲಿ 1961ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆ ಇದೆ. ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರಿನಲ್ಲಿದೆ. ಅವರ ಬೇಸಿಕ್ ಸ್ಕೀ ಕೋರ್ಸ್ 14 ದಿನ, ಸೋಲಂಗ್ ಇಳಿಜಾರಿನಲ್ಲೇ. ಊಟ, ವಸತಿ, ಹಲಗೆ, ಬೂಟು ಎಲ್ಲ ಶುಲ್ಕದೊಳಗೆ ಬರುತ್ತೆ. ವೈದ್ಯಕೀಯ ಪ್ರಮಾಣಪತ್ರ ಬೇಕು. ಡಾರ್ಮಿಟರಿ ವಾಸ, ಬೆಳಿಗ್ಗೆ ಕಸರತ್ತು, ಹೆಚ್ಚಾಗಿ ನೀವೇ ಹಲಗೆ ಹೊತ್ತು ಹತ್ತಬೇಕು. ರೆಸಾರ್ಟ್ ಅಂದುಕೊಂಡು ಹೋದವರು ಮೂರನೇ ದಿನಕ್ಕೆ ಮುಖ ಸಣ್ಣ ಮಾಡ್ಕೋತಾರೆ. ಆದರೆ 14 ದಿನಕ್ಕೆ ಕಾಲಲ್ಲಿ ಕೂತ ವಿದ್ಯೆ ಮತ್ತೆ ಹೋಗಲ್ಲ.

ನಿಮ್ಮ ಹತ್ತು ದಿನಕ್ಕೆ ಇದು ಹೊಂದಲ್ಲ. ಇಬ್ಬರಿಗಾದರೂ ರಜೆ ಮುಂದುವರಿಸೋಕೆ ಆದರೆ ಯೋಚಿಸಿ.

ಬಂಗಾರಪೇಟೆ ಜಂಕ್ಷನ್
ಉತ್ತರಾಖಂಡದ ಔಲಿ ಯಾಕೆ ಬಿಟ್ಟಿರಿ? ಗಢವಾಲ್ ಮಂಡಲ ವಿಕಾಸ ನಿಗಮದ 7 ದಿನದ ಕೋರ್ಸ್ ಇರುತ್ತಲ್ಲ. ಇಳಿಜಾರು ಸುಮಾರು 3050 ಮೀಟರಿನಿಂದ 2520 ಮೀಟರಿನವರೆಗೆ, ಸೋಲಂಗ್‌ಗಿಂತ ಉದ್ದ, ಎದುರಿಗೆ ನಂದಾದೇವಿ. ಹೊಸಬರಿಗೆ ಅದಕ್ಕಿಂತ ಒಳ್ಳೆ ಗುಡ್ಡ ದೇಶದಲ್ಲಿಲ್ಲ.

ನಂದಿ ಮೆಟ್ಟಿಲು
ಗುಡ್ಡ ಒಳ್ಳೆಯದೇ ಅಣ್ಣ, ಒಪ್ಪಿದೆ. ತೊಂದರೆ ಎರಡು. ಒಂದು, ದಾರಿ. ಜೋಶಿಮಠ–ಔಲಿ ರೋಪ್‌ವೇ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿಯತೊಡಗಿದಾಗ ನಿಂತಿತು. ಈಗಲೂ ಹಳೆ ಬ್ಲಾಗ್ ನೋಡಿ "ಕೇಬಲ್ ಕಾರಿನಲ್ಲಿ 25 ನಿಮಿಷ" ಅಂತ ಯೋಜನೆ ಹಾಕುವವರು ಇದ್ದಾರೆ. ರಸ್ತೆಯಲ್ಲೇ ಹತ್ತಬೇಕು. ಹಿಮ ಬಿದ್ದ ಮರುದಿನ ಚಕ್ರಕ್ಕೆ ಸರಪಳಿ ಕಟ್ಟಿದ ಟ್ಯಾಕ್ಸಿಗಳಷ್ಟೇ ಹೋಗ್ತವೆ, ಬಾಡಿಗೆ ಅವರು ಹೇಳಿದ್ದೇ. ರಿಷಿಕೇಶದಿಂದ ಜೋಶಿಮಠ ಸುಮಾರು 250 ಕಿ.ಮೀ. ನಕ್ಷೆ ನೋಡಿ ತುಮಕೂರು–ಹುಬ್ಬಳ್ಳಿಗಿಂತ ಹತ್ತಿರ ಅಂದ್ಕೋಬೇಡಿ, ಇಡೀ ಹಗಲು ಬೇಕು. ಏಳು ದಿನದ ಕೋರ್ಸಿಗೆ ಹೋಗೋದಕ್ಕೆ ಎರಡು ದಿನ, ಬರೋದಕ್ಕೆ ಎರಡು ದಿನ. ಹನ್ನೊಂದಾಯಿತು.

ಎರಡನೆಯದು ಹಿಮ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಕೃತಕ ಹಿಮದ ಯಂತ್ರ, ಅದಕ್ಕೊಂದು ಕೆರೆ ಎಲ್ಲ ಮಾಡಿದರು. ಆದರೂ ಹಿಮ ಸಾಲದೆ ರಾಷ್ಟ್ರಮಟ್ಟದ ಸ್ಪರ್ಧೆಗಳೇ ಎಷ್ಟೋ ಸಲ ರದ್ದಾಗಿವೆ. ಯಂತ್ರಕ್ಕೂ ಚಳಿ ಬೇಕು. ಗಾಳಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದು, ತೇವಾಂಶವೂ ಕಡಿಮೆ ಇದ್ದರೆ ಮಾತ್ರ ಅದು ಉಗುಳೋದು ಹಿಮ, ಇಲ್ಲದಿದ್ದರೆ ಬರೀ ತುಂತುರು ನೀರು.

ಬಂಗಾರಪೇಟೆ ಜಂಕ್ಷನ್
ಹಿಮದ ಭರವಸೆ ಗುಲ್ಮಾರ್ಗ್‌ಗೂ ಇಲ್ಲ ಬಿಡಿ. 2024ರ ಜನವರಿಯಲ್ಲಿ ಅಲ್ಲೂ ಹುಲ್ಲೇ ಕಾಣ್ತಿತ್ತು. ಹಿಮಾಲಯದ ಹಿಮ ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡದ ಸಾಲುಗಳನ್ನು ನೆಚ್ಚಿಕೊಂಡದ್ದು, ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ಲ ಅದು. ಅದು ಕೈಕೊಟ್ಟರೆ ಎಲ್ಲ ಕಡೆಯೂ ಕೈಕೊಡುತ್ತೆ. ಹಾಗಾಗಿ ಡಿಸೆಂಬರ್ ಕ್ರಿಸ್‌ಮಸ್ ರಜೆಗೆ ಮುಂಗಡ ಕಟ್ಟಬೇಡಿ. ನಮ್ಮ ಶ್ರೀನಿವಾಸಪುರದಲ್ಲಿ ಮಾವು ಹೂ ಬಿಡುವ ಹೊತ್ತು, ಅಂದರೆ ಜನವರಿ ಕೊನೆಯಿಂದ ಫೆಬ್ರವರಿ ಕೊನೆವರೆಗೆ, ಅದೇ ಸರಿಯಾದ ಕಾಲ. ಅಷ್ಟರಲ್ಲಿ ಮೂರು ನಾಲ್ಕು ಸಲ ಬಿದ್ದ ಹಿಮ ಒಂದರ ಮೇಲೊಂದು ಕೂತು ಗಟ್ಟಿ ತಳ ಆಗಿರುತ್ತೆ.

ರೈಲಿನ ವಿಷಯ: ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಒಂದೂವರೆ ದಿನಕ್ಕಿಂತ ಹೆಚ್ಚು ತಗೊಳ್ಳುತ್ತೆ, ರಾಜಧಾನಿ ಸುಮಾರು 34 ಗಂಟೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ, 120 ಅಲ್ಲ. 2024ರ ನವೆಂಬರಿನಿಂದ ಹೀಗೆ. ಹತ್ತೇ ದಿನ ರಜೆ ಇರೋರು ಹೋಗುವಾಗ ವಿಮಾನ, ಬರುವಾಗ ರೈಲು ಮಾಡ್ಕೊಳ್ಳಿ. ಬರುವಾಗ ಮೈಕೈ ನೋವಿಗೆ ಹೇಗೂ ಮಲಗಿಕೊಂಡೇ ಬರಬೇಕು.

ಶಿರಾ ಗೇಟ್
ಹಾಗಾದರೆ ಸೋಲಂಗ್‌ನಲ್ಲಿ ಕೋರ್ಸ್ ಇಲ್ಲದೆ, ಖಾಸಗಿ ತರಬೇತುದಾರರನ್ನು ಹಿಡಿದು ಐದು ದಿನ ಮಾಡಿದರೆ?

ನಂದಿ ಮೆಟ್ಟಿಲು
ಆಗುತ್ತೆ. ನಿಮ್ಮ ದಿನಗಳಿಗೆ ದೇಶದೊಳಗೆ ಹೊಂದೋದು ಅದೇ. ಆದರೆ ಹೀಗೆ ಮಾಡಿ.

ಬೆಂಗಳೂರಿನಿಂದ ಚಂಡೀಗಢಕ್ಕೆ ನೇರ ವಿಮಾನ ಇದೆ. ದೆಹಲಿಗೆ ಹೋಗಿ ರಾತ್ರಿ ಬಸ್ಸಿನಲ್ಲಿ 12–14 ಗಂಟೆ ಕೂರೋದಕ್ಕಿಂತ ಚಂಡೀಗಢದಿಂದ ಹಗಲು ಹೋಗೋದು ವಾಸಿ. ಮನಾಲಿಗೆ ಹತ್ತಿರದ ಭುಂತರ್ ವಿಮಾನ ನಿಲ್ದಾಣವನ್ನು ನಂಬಬೇಡಿ, ಕಣಿವೆಯಲ್ಲಿ ಮೋಡ ಕೂತರೆ ಸಣ್ಣ ವಿಮಾನ ಇಳಿಯಲ್ಲ.

ಮನಾಲಿ ಮಾಲ್ ರೋಡಿನಲ್ಲಿ ರೂಮು ಬೇಡ. ಹಿಮ ಬಿದ್ದ ದಿನ ನೆಹರು ಕುಂಡದಿಂದ ಮುಂದಕ್ಕೆ ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಬಿಡ್ತಾರೆ. ಒಳ್ಳೆ ಹಿಮದ ದಿನವೇ ನೀವು ಜಾಮಿನಲ್ಲಿ ಕೂತಿರ್ತೀರಿ. ಪಲ್ಚಾನ್, ಬುರುವಾ ಅಥವಾ ಸೋಲಂಗ್ ಹಳ್ಳಿಯಲ್ಲೇ ಹೋಮ್‌ಸ್ಟೇ ಹಿಡಿದರೆ ಇಳಿಜಾರಿಗೆ ನಡೆದೋ ಸ್ವಲ್ಪ ದೂರದ ಗಾಡಿಯಲ್ಲೋ ಹೋಗಬಹುದು. ಬೆಳಿಗ್ಗೆ ಒಂಬತ್ತಕ್ಕೆ ನೀವು ಅಲ್ಲಿದ್ದರೆ ಪ್ರವಾಸಿಗರ ದಂಡು ಬರೋ ಹನ್ನೊಂದರವರೆಗೆ ಗುಡ್ಡ ನಿಮ್ಮದೇ.

ಇನ್ನು ಆ ದಾರಿಯುದ್ದಕ್ಕೂ ನಂಬರ್ ಬರೆದ ಬಾಡಿಗೆ ಬಟ್ಟೆ ಅಂಗಡಿಗಳು. ಡ್ರೈವರ್ ಯಾವುದೋ ಒಂದರ ಮುಂದೆ ನಿಲ್ಲಿಸ್ತಾನೆ, ಅವನಿಗೂ ಪಾಲು ಇರುತ್ತೆ. ಅಲ್ಲಿ ಕೊಡುವ ಉದ್ದದ ಓವರ್‌ಕೋಟು ಮತ್ತು ಗಂಬೂಟು ಹಿಮದಲ್ಲಿ ಆಟ ಆಡೋಕೆ. ಗಂಬೂಟಿಗೆ ಸ್ಕೀ ಕಟ್ಟೋಕೆ ಆಗಲ್ಲ, ಕೆಲವು ಕಡೆ ಹಳೆ ಪಟ್ಟಿ ಬಿಗಿದು ಕಟ್ಟಿಕೊಡ್ತಾರೆ. ಅಂಥದ್ದು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಬಿದ್ದಾಗ ಹಲಗೆ ಬಿಚ್ಚಿಕೊಳ್ಳಲ್ಲ, ಮಂಡಿ ತಿರುಚುತ್ತೆ.

ತರಬೇತುದಾರರನ್ನು ಮೂರೇ ಪ್ರಶ್ನೆ ಕೇಳಿ. ಯಾವ ಸಂಸ್ಥೆಯಲ್ಲಿ ಯಾವ ಹಂತದ ಕೋರ್ಸ್ ಮಾಡಿದ್ದೀರಿ? ಒಬ್ಬರಿಗೆ ಎಷ್ಟು ಜನ ಕಲಿಯೋರು? ದರ ದಿನಕ್ಕೋ ಗಂಟೆಗೋ, ಬೂಟು ಹಲಗೆ ಸೇರಿಯೋ? ನಾಲ್ಕು ಜನಕ್ಕೆ ಒಬ್ಬರು ಸಾಕು. ಐದು ದಿನಕ್ಕೆ ಒಟ್ಟಿಗೆ ಮಾತಾಡಿದರೆ ದರ ಇಳಿಯುತ್ತೆ.

ರೇಷ್ಮೆಗೂಡು (ಶಿಡ್ಲಘಟ್ಟ)
ಸೋಲಂಗ್‌ನಲ್ಲಿ ಒಂದು ಕೊರತೆ ಯಾರೂ ಹೇಳ್ತಿಲ್ಲ. ಹೊಸಬರ ಜಾಗದಲ್ಲಿ ಲಿಫ್ಟ್ ಅನುಕೂಲ ಕಡಿಮೆ. ಹತ್ತು ಸೆಕೆಂಡ್ ಜಾರೋದು, ಹತ್ತು ನಿಮಿಷ ಏರೋದು. ಕಲಿಕೆ ಅಂದ್ರೆ ಎಷ್ಟು ಸಲ ಇಳಿದಿರಿ ಅನ್ನೋದೇ. ಚಲಿಸುವ ರಬ್ಬರ್ ಪಟ್ಟಿ, ಮ್ಯಾಜಿಕ್ ಕಾರ್ಪೆಟ್ ಅಂತಾರೆ, ಅದಿರುವ ಕಡೆ ಒಂದೇ ದಿನ ಮೂವತ್ತು ನಲವತ್ತು ಸಲ ಇಳಿಯಬಹುದು. ನಂದಿ ಮೆಟ್ಟಿಲು ಅವರ ಗಂಟೆ ಲೆಕ್ಕವನ್ನೇ ಇಳಿದ ಸಲದ ಲೆಕ್ಕ ಮಾಡಿದರೆ ಮಧ್ಯ ಏಷ್ಯಾ ಗೆಲ್ಲುತ್ತೆ.

ಕಝಾಕಿಸ್ತಾನ: ಭಾರತೀಯರಿಗೆ 2022ರ ಜುಲೈನಿಂದ 14 ದಿನದವರೆಗೆ ವೀಸಾ ಬೇಡ. ಅಲ್ಮಾಟಿ ನಗರದಲ್ಲಿ ಉಳಿದುಕೊಳ್ಳಿ, ಬೆಟ್ಟದ ಮೇಲಿನ ಹೋಟೆಲ್ ಬೇಡ. 12ನೇ ನಂಬರ್ ಸಿಟಿ ಬಸ್ಸು ಮೆದೆವು ಐಸ್ ರಿಂಕ್‌ವರೆಗೆ (1691 ಮೀ.) ಹೋಗುತ್ತೆ. ಅಲ್ಲಿಂದ 4.5 ಕಿ.ಮೀ. ಗೊಂಡೊಲಾ (ಕೇಬಲ್ ಕಾರು) ಶಿಂಬುಲಾಕ್ ಸ್ಕೀ ರೆಸಾರ್ಟಿಗೆ. ತಳ 2260 ಮೀ., ತುದಿಯ ತಲ್ಗಾರ್ ಪಾಸ್ ಸುಮಾರು 3200 ಮೀ. ಹೊಸಬರು ಆ ತುದಿಗೆ ಹೋಗೋದೇ ಇಲ್ಲ, ಹೋಗಲೂ ಬಾರದು. ಹಾಗಾಗಿ ಮೊದಲ ಎರಡು ದಿನ ಇಡೀ ಬೆಟ್ಟದ ಸ್ಕೀ ಪಾಸ್ (ಲಿಫ್ಟ್ ಹತ್ತುವ ಟಿಕೆಟ್) ತಗೋಬೇಡಿ, ಕಲಿಯುವ ಇಳಿಜಾರಿನದ್ದು ಮಾತ್ರ ಸಾಕು. ಎಷ್ಟೋ ಜನ ದುಡ್ಡು ಕಳೆಯೋದು ಇಲ್ಲೇ. ಶನಿವಾರ ಭಾನುವಾರ ಇಡೀ ಅಲ್ಮಾಟಿ ಅಲ್ಲಿರುತ್ತೆ, ಸೋಮವಾರದಿಂದ ಶುಕ್ರವಾರ ಇಟ್ಟುಕೊಳ್ಳಿ.

ವಿಮಾನದ ಬಗ್ಗೆ ಎಚ್ಚರ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದಾಗ ಇಂಡಿಗೊ ದೆಹಲಿ–ಅಲ್ಮಾಟಿ, ದೆಹಲಿ–ತಾಷ್ಕೆಂಟ್ ಎರಡನ್ನೂ ನಿಲ್ಲಿಸಿತು. ಬುಕ್ ಮಾಡುವ ದಿನ ಯಾವುದು ಹಾರುತ್ತಿದೆ ನೋಡಿ. ಬೆಂಗಳೂರಿನಿಂದ ಶಾರ್ಜಾ ಸುತ್ತಿ ಹೋಗೋದು ನಕ್ಷೆಯಲ್ಲಿ ಹುಚ್ಚು ಅನ್ನಿಸಿದರೂ ಎಷ್ಟೋ ಸಲ ಅಗ್ಗ ಬೀಳುತ್ತೆ. ಒಂದೇ ಟಿಕೆಟ್ಟಿನಲ್ಲಿರಲಿ, ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಮೊದಲನೆಯದು ತಡವಾದಾಗ ಎರಡನೆಯದರ ದುಡ್ಡು ಹೋಯಿತು ಅಂತಲೇ ಲೆಕ್ಕ.

ಕೋಲಾರಮ್ಮನ ಕೆರೆ
ಉಜ್ಬೇಕಿಸ್ತಾನದ ಅಮೀರ್‌ಸೋಯ್ ಕೂಡ ಸೇರಿಸಿ. 2019ರ ಡಿಸೆಂಬರ್‌ನಲ್ಲಿ ತೆರೆದದ್ದು, ತಾಷ್ಕೆಂಟಿನಿಂದ ಒಂದೂವರೆ ಎರಡು ಗಂಟೆ ದಾರಿ. ಲಿಫ್ಟ್‌ಗಳೆಲ್ಲ ಹೊಸವು. ಇ-ವೀಸಾ ಆನ್‌ಲೈನಿನಲ್ಲೇ ಆಗುತ್ತೆ. ಜಾರ್ಜಿಯಾದ ಗುದೌರಿಯೂ ಇದೆ, ಟಿಬಿಲಿಸಿಯಿಂದ 120 ಕಿ.ಮೀ.

ರೇಷ್ಮೆಗೂಡು
ಅಮೀರ್‌ಸೋಯ್ ತಳ 1600 ಮೀಟರಿನ ಆಸುಪಾಸು. ಎತ್ತರ ಕಡಿಮೆ, ಹಾಗಾಗಿ ಫೆಬ್ರವರಿ ಮಧ್ಯದ ನಂತರ ಮಧ್ಯಾಹ್ನದ ಹಿಮ ನೀರು ಜಾಸ್ತಿಯಾದ ಉಪ್ಪಿಟ್ಟಿನ ಹಾಗಿರುತ್ತೆ. ಹಲಗೆ ಅಂಟಿಕೊಳ್ಳುತ್ತೆ, ಜಾರಲ್ಲ. ಬೆಳಿಗ್ಗೆ ಬೇಗ ಶುರು ಮಾಡಿ ಒಂದು ಗಂಟೆಗೆ ಮುಗಿಸಬೇಕು.

ಗುದೌರಿ ಗುಡ್ಡದ ದೃಷ್ಟಿಯಿಂದ ಈ ಎಲ್ಲಕ್ಕಿಂತ ಮೇಲು. ಮರಗಳಿಲ್ಲದ ಅಗಲ ಇಳಿಜಾರು, 2000ದಿಂದ 3200 ಮೀಟರಿನವರೆಗೆ. ಆದರೆ ಹೊಸ ಪಾಸ್‌ಪೋರ್ಟ್, ಬೇರೆ ವೀಸಾ ಒಂದೂ ಇಲ್ಲದವರಿಗೆ ಇ-ವೀಸಾ ನಿರಾಕರಣೆ ಸಾಮಾನ್ಯ. ಅಮೆರಿಕ, ಷೆಂಗೆನ್ ಅಥವಾ ಬ್ರಿಟನ್ ವೀಸಾ ಚಾಲ್ತಿಯಲ್ಲಿದ್ದವರಿಗೆ ಜಾರ್ಜಿಯಾ ವೀಸಾ ಬೇಡ, ಅಂಥವರು ಧೈರ್ಯವಾಗಿ ಹೋಗಬಹುದು. ಉಳಿದವರು ವೀಸಾ ಕೈಗೆ ಬರುವ ಮೊದಲು ವಾಪಸ್ ಆಗದ ಟಿಕೆಟ್ ತಗೋಬೇಡಿ.

ಹಲಸಿನ ತೋಪು (ಗುಬ್ಬಿ)
ಜಾಗ ಯಾವುದಾದರೂ ಆಗಲಿ, ರಜೆ ಕೆಡಿಸೋದು ಬೂಟು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಸ್ಕೀ ಬೂಟಿನ ನಂಬರ್ ನಮ್ಮ ಚಪ್ಪಲಿ ನಂಬರ್ ಅಲ್ಲ, ಪಾದದ ಉದ್ದ ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಅಳೆದುಕೊಳ್ಳಿ: ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಸಂಜೆ ಅಳೆಯಿರಿ, ಸಂಜೆಗೆ ಪಾದ ಸ್ವಲ್ಪ ಊದಿರುತ್ತೆ. ಎರಡೂ ಕಾಲು ಅಳೆಯಿರಿ.

ಬಾಡಿಗೆ ಅಂಗಡಿಯವರು ಒಂದು ನಂಬರ್ ದೊಡ್ಡದು ಕೊಡೋಕೆ ನೋಡ್ತಾರೆ. ಹಾಕಿದ ಕೂಡಲೇ ಹಾಯಾಗಿರುತ್ತೆ, ಯಾರೂ ತಕರಾರು ಮಾಡಲ್ಲ, ಅಂಗಡಿ ಬೇಗ ಖಾಲಿಯಾಗುತ್ತೆ. ಆದರೆ ಇಳಿಜಾರಿನಲ್ಲಿ ಹಿಮ್ಮಡಿ ಒಳಗೇ ಎದ್ದು ಕೂರುತ್ತೆ, ಕಾಲು ತಿರುಗಿಸಿದರೂ ಹಲಗೆ ತಿರುಗಲ್ಲ. ಆಗ ಬಕಲ್ ಎಳೆದು ಬಿಗಿ ಮಾಡ್ತೀರಿ, ಪಾದದ ಮೇಲ್ಭಾಗ ಒತ್ತಿ ಅರ್ಧ ಗಂಟೆಗೆ ಜೋಮು ಹಿಡಿಯುತ್ತೆ. ನೋವಿಗೆ ಬೂಟು ಬಿಗಿ ಅನ್ನೋದು ಕಾರಣ ಅಂದುಕೊಳ್ತೀವಿ, ನಿಜ ಕಾರಣ ಬೂಟು ದೊಡ್ಡದಾಗಿರೋದು. ಸರಿಯಾದ ಬೂಟು ಹೇಗಿರಬೇಕು ಅಂದ್ರೆ, ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದ ಕೂಡಲೇ ಬೆರಳು ಹಿಂದೆ ಸರಿದು ಬಿಡುಗಡೆ ಆಗಬೇಕು.

ಹಾಕುವ ಕ್ರಮ: ಕಾಲು ಒಳಗಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ನಾಲ್ಕು ಬಕಲ್ ಇದ್ದರೆ ಮೇಲಿನಿಂದ ಎರಡನೆಯದು ಮೊದಲು, ಹಿಮ್ಮಡಿಯನ್ನು ಜಾಗದಲ್ಲಿ ಹಿಡಿಯೋದು ಅದೇ. ಆಮೇಲೆ ಮೇಲಿನದು, ಪಟ್ಟಿ. ಕೆಳಗಿನ ಎರಡು ಸುಮ್ಮನೆ ಸಿಕ್ಕಿಸಿದರೆ ಸಾಕು. ಕಾಲುಚೀಲ ಒಂದೇ ಜೊತೆ, ಮಂಡಿ ಕೆಳಗಿನವರೆಗೆ ಬರುವ ತೆಳುವಾದ ಉಣ್ಣೆಯದು ಅಥವಾ ಸಿಂಥೆಟಿಕ್. ಚಳಿ ಅಂತ ಎರಡು ಜೊತೆ ಹಾಕಿದರೆ ರಕ್ತ ಓಡಾಟ ಕಟ್ಟಿ ಕಾಲು ಇನ್ನೂ ತಣ್ಣಗಾಗುತ್ತೆ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು. ಆ ಒಂದು ಮಡಿಕೆ ಸಂಜೆಗೆ ಮುಂಗಾಲಿನ ಮೇಲೆ ಬರೆ ಎಳೆದಿರುತ್ತೆ.

ಶಿರಾ ಗೇಟ್
ಹಲಗೆ ಎಷ್ಟುದ್ದ? ಬೈಂಡಿಂಗ್ (ಬೂಟನ್ನು ಹಲಗೆಗೆ ಹಿಡಿಯುವ ಕೊಂಡಿ) ಬಗ್ಗೆ ನಾವೇನಾದರೂ ನೋಡಬೇಕಾ, ಅಂಗಡಿಯವರೇ ಮಾಡ್ತಾರಾ?

ಹಲಸಿನ ತೋಪು
ಹಲಗೆ ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. 170 ಸೆಂ.ಮೀ. ಎತ್ತರದವರಿಗೆ 150–155 ಸಾಕು.

ಬೈಂಡಿಂಗ್ ಅವರೇ ಹೊಂದಿಸಬೇಕು, ಆದರೆ ನೋಡೋದು ನಿಮ್ಮ ಕೆಲಸ. ಮುಂದೆ ಮತ್ತು ಹಿಂದೆ ಸಣ್ಣ ಕಿಟಕಿಯಲ್ಲಿ ಒಂದು ಅಂಕಿ ಕಾಣುತ್ತೆ, ಬಿದ್ದಾಗ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಅನ್ನೋದು ಅದು. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ (ಹಿಮ್ಮಡಿ ಹತ್ತಿರ ಮಿ.ಮೀ.ನಲ್ಲಿ ಕೊರೆದಿರುತ್ತೆ), ಎಷ್ಟು ಬಲ್ಲವರು, ಇವೆಲ್ಲ ನೋಡಿ ಪಟ್ಟಿಯಿಂದ ತೆಗೀಬೇಕು. 70 ಕೆ.ಜಿ. ತೂಕದ ಹೊಸಬರಿಗೆ ಹೆಚ್ಚುಕಮ್ಮಿ 5ರ ಹತ್ತಿರ ಬರುತ್ತೆ. ನಿಮಗಿಂತ ಮೊದಲು ಬಾಡಿಗೆಗೆ ಒಯ್ದವನು ನೂರು ಕೆ.ಜಿ.ಯ ಪಳಗಿದ ಆಸಾಮಿ ಆಗಿದ್ದು, ಅಂಕಿ 9ರಲ್ಲೇ ಉಳಿದಿದ್ದರೆ ನೀವು ಬಿದ್ದಾಗ ಹಲಗೆ ಬಿಡಲ್ಲ. ತೂಕ ಕೇಳದೆ ಹಲಗೆ ಕೊಡುವ ಅಂಗಡಿಯಲ್ಲಿ ತಗೋಬೇಡಿ. ತೂಕ ಕೇಳಿದಾಗ ಸಂಕೋಚಕ್ಕೆ ಕಮ್ಮಿ ಹೇಳೋದೂ ಬೇಡ.

ಕಟ್ಟಿಕೊಳ್ಳುವಾಗ ಬೂಟಿನ ಅಡಿಯ ಹಿಮವನ್ನು ಕೋಲಿನಿಂದ ಕೆರೆದು ತೆಗೀರಿ. ಬೆರಳು ದಪ್ಪದ ಐಸ್ ಕೂತಿದ್ದರೂ ಹಿಮ್ಮಡಿ "ಟಕ್" ಅಂತ ಕೂರಲ್ಲ, ಕೂತ ಹಾಗೆ ಕಂಡರೂ ಮಧ್ಯದಲ್ಲಿ ಬಿಚ್ಚಿಕೊಳ್ಳುತ್ತೆ. ಇಳಿಜಾರಿಗೆ ಅಡ್ಡವಾಗಿ ನಿಂತು, ಮೊದಲು ಕೆಳಗಡೆಯ ಕಾಲಿನದು, ಆಮೇಲೆ ಮೇಲುಗಡೆಯದು.

ಮಧುಗಿರಿ ಏಕಶಿಲೆ
ತಯಾರಿ ಯಾರೂ ಹೇಳಿಲ್ಲ. ಸ್ಕೀಯಿಂಗ್‌ನಲ್ಲಿ ಕೆಲಸ ಮಾಡೋದು ತೊಡೆಯ ಮುಂಭಾಗ, ಅದೂ ಬಗ್ಗಿದ ಮಂಡಿಯಲ್ಲಿ ಭಾರ ತಡೆಯೋ ಕೆಲಸ. ಓಡಿದರೆ ಅದು ಬರಲ್ಲ. ಬೆಟ್ಟ ಇಳಿದರೆ ಬರುತ್ತೆ. ನಮ್ಮ ಜಿಲ್ಲೆಗಳಲ್ಲಿ ಬೆಟ್ಟಕ್ಕೇನು ಬರ, ಮಧುಗಿರಿ, ದೇವರಾಯನದುರ್ಗ, ಅಂತರಗಂಗೆ, ನಂದಿಯ ಮೆಟ್ಟಿಲು ದಾರಿ, ಯಾವುದಾದರೂ ಸರಿ. ಎಲ್ಲರೂ ಹತ್ತೋದನ್ನು ಲೆಕ್ಕ ಇಡ್ತಾರೆ, ನೀವು ಇಳಿಯೋದನ್ನು ಇಡಿ. ನಿಧಾನಕ್ಕೆ, ಮಂಡಿ ಬಗ್ಗಿಸಿಕೊಂಡು. ಬಂಡೆ ಒದ್ದೆ ಇದ್ದ ದಿನ ಬೇಡ. ವಾರಕ್ಕೆ ಎರಡು ಸಲ, ಆರು ವಾರ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರೋದು, 30 ಸೆಕೆಂಡಿನಿಂದ ಶುರು ಮಾಡಿ ಒಂದೂವರೆ ನಿಮಿಷಕ್ಕೆ ತನ್ನಿ. ಬಿದ್ದು ಮಂಡಿ ಕೆಡಿಸಿಕೊಳ್ಳೋರು ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ, ತೊಡೆ ಸೋತು "ಇನ್ನೊಂದೇ ರೌಂಡು" ಅನ್ನುವಾಗ.

ಕೋಲಾರಮ್ಮನ ಕೆರೆ
ಬಟ್ಟೆ: ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿಕೊಂಡು, ಲಿಫ್ಟಿನಲ್ಲಿ ಕೂತಾಗ ನಡುಕ ಹತ್ತಿಸುತ್ತೆ. ಒಳಗೆ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆ, ನಡುವೆ ಫ್ಲೀಸ್, ಮೇಲೆ ನೀರು ತಡೆಯೋ ಜಾಕೆಟ್ ಮತ್ತು ಪ್ಯಾಂಟು. ಲೇಬಲ್ ಮೇಲೆ ನೀರು ತಡೆಯುವ ಅಳತೆ 10,000 ಮಿ.ಮೀ. ಅಂತಿದ್ದರೆ ಸಾಕು. ಹೊಸಬರು ಕೂರೋದೇ ಹೆಚ್ಚು, ಹಾಗಾಗಿ ಜಾಕೆಟ್ಟಿಗಿಂತ ಪ್ಯಾಂಟಿಗೆ ದುಡ್ಡು ಹಾಕಿ. ಡೆಕಾತ್ಲಾನ್‌ನ ವೆಡ್ಜ್ ಸರಕು ಹೊಸಬರಿಗೆ ಧಾರಾಳ. ರೇಷ್ಮೆಯ ಒಳಬನಿಯನ್ ತುಂಬಾ ಚೆನ್ನಾಗಿರುತ್ತೆ, ಆದರೆ ಶಿಡ್ಲಘಟ್ಟದಲ್ಲಿ ನೂಲು ಸಿಗುತ್ತೆ, ಬನಿಯನ್ ಸಿಗಲ್ಲ!

ಗಾಗಲ್ ಮಂಜು ಕಟ್ಟಿದರೆ ಒಳಗಡೆ ಒರೆಸಬೇಡಿ, ಲೇಪ ಹೋಗುತ್ತೆ. ಬೆವರಿದ ಹಣೆ ಮೇಲೆ ಏರಿಸಿಕೊಳ್ಳೋದೇ ಮಂಜಿಗೆ ಕಾರಣ. ಹೊಸ ಹಿಮ ನೇರಳಾತೀತ ಕಿರಣದ ಶೇ. 80ರವರೆಗೆ ವಾಪಸ್ ಎರಚುತ್ತೆ, ಅದಕ್ಕೇ ಸನ್‌ಸ್ಕ್ರೀನ್ ಮೂಗಿನ ಹೊಳ್ಳೆ, ಗದ್ದದ ಅಡಿಗೂ ಬೇಕು. ನಾವು ಕಪ್ಪು, ನಮಗೇನಾಗಲ್ಲ ಅನ್ನೋ ಮಾತು ಅಲ್ಲಿ ನಡೆಯಲ್ಲ.

ಸಸ್ಯಾಹಾರಿಗಳು ಮಧ್ಯ ಏಷ್ಯಾಕ್ಕೆ ಹೋದರೆ ರೊಟ್ಟಿ, ಚೀಸು, ಸಲಾಡಿನಲ್ಲೇ ದಿನ ತಳ್ಳಬೇಕಾಗುತ್ತೆ. ಒಂದು ಕೆ.ಜಿ. ರಾಗಿ ಹುರಿಹಿಟ್ಟು ಒಯ್ಯಿರಿ. ಬಿಸಿ ನೀರು, ಬೆಲ್ಲ ಹಾಕಿ ಕಲಸಿದರೆ ಬೆಳಗಿನ ತಿಂಡಿ ಮುಗೀತು. ಜೇಬಿಗೆ ಕಡಲೆಬೀಜದ ಚಿಕ್ಕಿ. ಚಳಿಗೆ ಬೆಲ್ಲ ಗಟ್ಟಿಯಾಗಿ ಹಲ್ಲು ಕಿತ್ತು ಬರೋ ಹಾಗಾಗುತ್ತೆ, ಒಳಜೇಬಿನಲ್ಲಿಡಿ.

ಬಂಗಾರಪೇಟೆ ಜಂಕ್ಷನ್
ವಿಮೆ ಮರೀಬೇಡಿ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಚಳಿಗಾಲದ ಕ್ರೀಡೆ ಹೊರಗಿಟ್ಟಿರೋದೇ ಹೆಚ್ಚು. ಪಾಲಿಸಿಯ "ಒಳಗೊಳ್ಳದ ಅಂಶಗಳು" ಪುಟ ಓದಿ. ಸ್ಕೀಯಿಂಗ್ ಅನ್ನೋ ಪದ ಇದೆಯಾ, ಗುರುತಿಸಿದ ಇಳಿಜಾರಿನ ಹೊರಗೆ ಹೋದರೆ ಏನು, ಬೆಟ್ಟದಿಂದ ಕೆಳಗೆ ತರುವ ಖರ್ಚು ಯಾರದ್ದು. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಔಲಿ, ಸೋಲಂಗ್‌ಗೆ ನಿಮ್ಮ ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಯ ಬಗ್ಗೆ ಏನು ಬರೆದಿದೆ ನೋಡಿ.

ರೇಷ್ಮೆಗೂಡು
ಎತ್ತರದ ಬಗ್ಗೆ ಒಂದು ಮಾತು. ನಂದಿಬೆಟ್ಟದ ತುದಿಯೇ 1478 ಮೀ. ಅದರ ಮೇಲೂ ಎಂಟುನೂರರಿಂದ ಸಾವಿರ ಮೀಟರ್ ಎತ್ತರದಲ್ಲಿ ನೀವು ಕಸರತ್ತು ಮಾಡೋದು. ಮೊದಲ ದಿನ ತಲೆನೋವು ಬರಬಹುದು. ನೀರು ಹೆಚ್ಚು ಕುಡಿದು, ಮೊದಲ ದಿನ ಅರ್ಧ ದಿನವಷ್ಟೇ ಇಟ್ಟುಕೊಳ್ಳಿ. ಅಲ್ಮಾಟಿಯಲ್ಲಿ ರಾತ್ರಿ ಕೆಳಗಿಳಿದು ನಗರದಲ್ಲಿ ಮಲಗೋದರಿಂದ ಈ ತೊಂದರೆ ಕಮ್ಮಿ.

ಶಿರಾ ಗೇಟ್
ಎಲ್ಲರಿಗೂ ಧನ್ಯವಾದ. ಇಬ್ಬರು ರಜೆ ಮುಂದುವರಿಸಿ ಮನಾಲಿಯ 14 ದಿನದ ಕೋರ್ಸಿಗೆ ಅರ್ಜಿ ಹಾಕ್ತಿದ್ದಾರೆ. ನಾವಿಬ್ಬರು ಅಲ್ಮಾಟಿ, ಸೋಮವಾರದಿಂದ ಶುಕ್ರವಾರ. ತುಮಕೂರಿನಿಂದ ಏರ್‌ಪೋರ್ಟಿಗೆ ಬೆಂಗಳೂರು ಒಳಗೆ ಹೋಗದೆ ದಾರಿ?

ನಂದಿ ಮೆಟ್ಟಿಲು
ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ. ಗೊರಗುಂಟೆಪಾಳ್ಯದ ಕಡೆ ತಲೆಯೂ ಹಾಕಬೇಡಿ.

ಶಿರಾ ಗೇಟ್
ಪಾದ ಅಳೆದೆ. ಎಡ 25.7, ಬಲ 26.2. ಯಾವ ನಂಬರ್ ಕೇಳಲಿ?

ಹಲಸಿನ ತೋಪು
26.5. ಸಾಮಾನ್ಯವಾಗಿ 26 ಮತ್ತು 26.5ಕ್ಕೆ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. 27.5 ಕೊಡೋಕೆ ಬಂದರೆ ಕೈಯಲ್ಲಿ ಹಿಡೀಲೇಬೇಡಿ. ಎಡಗಾಲಿನ ಬಕಲ್ ಒಂದು ಹಲ್ಲು ಹೆಚ್ಚು ಎಳೆದುಕೊಂಡರೆ ಸರಿಹೋಗುತ್ತೆ.